ಅಣು ತ್ಯಾಜ್ಯ ಅರ್ಧಕ್ಕೆ ಇಳೀತು ಅಂತಾರಲ್ಲ, ಏನು ಇಳೀತು? ಡ್ರಮ್ಮಾ, ವಿಕಿರಣಾನಾ?

ದಾವಣಗೆರೆ ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಹೋದ ತಿಂಗಳು ನಮ್ಮಲ್ಲಿ ಅಣುಶಕ್ತಿ ಬಗ್ಗೆ ಒಂದು ಅರಿವು ಕಾರ್ಯಕ್ರಮ ನಡೆಯಿತು. ಯಾರು ಬಂದಿದ್ದರು ಅನ್ನೋದು ಬೇಡ, ವಿಷಯ ಮುಖ್ಯ. ಪರದೆ ಮೇಲೆ ಒಂದು ನಕ್ಷೆ, ಅದರಲ್ಲಿ ಒಂದು ದೊಡ್ಡ ಕಂಬ, ಪಕ್ಕದಲ್ಲಿ ಒಂದು ಗಿಡ್ಡ ಕಂಬ. "ನಾವು ವಿಕಿರಣ ತ್ಯಾಜ್ಯವನ್ನು ಅರ್ಧಕ್ಕೆ ಇಳಿಸಿದ್ದೇವೆ" ಅಂದರು. ಎರಡನೇ ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು "ಸರ್, ಅರ್ಧ ಆಗಿದ್ದು ಘನ ಮೀಟರ್‌ನಲ್ಲಾ, ಬೆಕರೆಲ್‌ನಲ್ಲಾ?" ಅಂತ ಕೇಳಿದಳು. ಅಷ್ಟರಲ್ಲಿ ಟೀ ಬಂತು. ಪ್ರಶ್ನೆ ಅಲ್ಲೇ ಉಳಿಯಿತು.

ಘನ ಮೀಟರ್ ಅಂದರೆ ತ್ಯಾಜ್ಯದ ಗಾತ್ರ, ಬೆಕರೆಲ್ ಅಂದರೆ ಅದರಲ್ಲಿರೋ ವಿಕಿರಣದ ಅಳತೆ. ಅವಳಿಗೆ ಉತ್ತರ ಕೊಡಬೇಕು ಅಂತ ಕೂತೆ. ಪುಸ್ತಕದಲ್ಲಿ ಇರೋದು ಗೊತ್ತು. ಆದರೆ ಸ್ಥಾವರದೊಳಗೆ ನಿಜವಾಗಿ ಹೇಗೆ ಅಳೆಯುತ್ತಾರೆ, ಹೇಗೆ ಕಡಿಮೆ ಮಾಡುತ್ತಾರೆ ಅಂತ ಕೆಲಸ ಮಾಡಿದವರು ಹೇಳಿದರೆ ಒಳ್ಳೆಯದು. ಪರ ವಿರೋಧದ ಜಗಳ ಬೇಡ, ದಯವಿಟ್ಟು.

ಒಂದ್ಮಾತು
ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ ಮೇಡಂ.

ಬೇಲಿಯೊಳಗೆ
ಮೇಡಂ, ನಾನು ದೇಶದ ಒಂದು ಸ್ಥಾವರದಲ್ಲಿ ಹನ್ನೊಂದು ವರ್ಷ ಇದ್ದೆ. ಅದರಲ್ಲಿ ಆರು ವರ್ಷ ವೇಸ್ಟ್ ಸೆಕ್ಷನ್‌ನಲ್ಲೇ. ಹುಡುಗಿಯ ಪ್ರಶ್ನೆಗೆ ಉತ್ತರ ಬಹುಶಃ ಘನ ಮೀಟರ್. ನಾವು ಇಳಿಸುತ್ತಾ ಇದ್ದದ್ದು ಅದನ್ನೇ.

ಜನ ಅಣು ತ್ಯಾಜ್ಯ ಅಂದ ತಕ್ಷಣ ಹಸಿರು ಹೊಳೆಯೋ ದ್ರವ ಅಂದುಕೊಳ್ಳುತ್ತಾರೆ. ನನ್ನ ಕೈಗೆ ಬರುತ್ತಿದ್ದದ್ದು ಗ್ಲೌಸ್, ಶೂ ಕವರ್, ನೆಲ ಒರೆಸಿದ ಬಟ್ಟೆ, ಪ್ಲಾಸ್ಟಿಕ್ ಶೀಟ್, ಹಳೇ ಫಿಲ್ಟರ್. ಎರಡು ವರ್ಷಕ್ಕೊಮ್ಮೆ ದೊಡ್ಡ ಶಟ್‌ಡೌನ್ ಬಂದಾಗ ಚೀಲಗಳು ರಾಶಿ ಬೀಳುತ್ತವೆ. ಪ್ರತಿ ಚೀಲದ ಮೈಗೆ ಮೀಟರ್ ಹಿಡಿದು ಓದಬೇಕು. ಮೇಲ್ಮೈಯಲ್ಲಿ ಗಂಟೆಗೆ 2 ಮಿಲಿಗ್ರೇ (ತಾಗೋ ವಿಕಿರಣದ ಅಳತೆ) ಒಳಗಿದ್ದರೆ ಒಂದನೇ ವರ್ಗ. 2ರಿಂದ 20ರವರೆಗೆ ಎರಡನೇದು. 20 ದಾಟಿದರೆ ಮೂರನೇದು. ಆಲ್ಫಾ ಕಣ ಬಿಡುವಂಥದ್ದು ನಾಲ್ಕನೇದು, ಅದರ ಲೆಕ್ಕವೇ ಬೇರೆ.

ಒಂದನೇ ವರ್ಗದ ಚೀಲಗಳನ್ನು ಪ್ರೆಸ್‌ಗೆ ಹಾಕಿ ಅದುಮುತ್ತೇವೆ. ಐದು ಡ್ರಮ್ ಸರಕು ಒಂದಕ್ಕೆ ಬರುತ್ತದೆ. ಸುಡುವಂಥ ಹತ್ತಿ, ಕಾಗದ ಇನ್ಸಿನರೇಟರ್‌ಗೆ. ಅಲ್ಲಿ ಐವತ್ತು ಪಾಲು ಒಂದು ಪಾಲು ಬೂದಿ ಆಗುತ್ತದೆ. ಆದರೆ ವಿಕಿರಣ ಎಲ್ಲಿ ಹೋಗುತ್ತದೆ? ಬಹುಪಾಲು ಅದೇ ಬೂದಿಯಲ್ಲಿ ಕೂತಿರುತ್ತದೆ, ಸ್ವಲ್ಪ ಹೊಗೆ ಫಿಲ್ಟರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಸಲ ಅದುಮಿದ ಡ್ರಮ್ಮಿಗೆ ಮೀಟರ್ ಹಿಡಿದೆ. ಒಳಗೆ ಹೋದ ಚೀಲಗಳೆಲ್ಲ ಒಂದನೇ ವರ್ಗ, ಹೊರಗೆ ಬಂದ ಡ್ರಮ್ ಎರಡನೇ ವರ್ಗ! ನನಗೆ ಹೊಸದು, ಗಾಬರಿ ಆಯ್ತು. ಸೀನಿಯರ್ ಹೇಳಿದರು, "ಅಕ್ಕಿ ಅಷ್ಟೇ ಇದೆ, ಮೂಟೆ ಸಣ್ಣದಾಗಿದೆ".

ಹಳೇಮೇಷ್ಟ್ರು
ಅಂದರೆ ಇದು ಜನರ ಕಣ್ಣಿಗೆ ಮಣ್ಣೆರಚುವ ಕೆಲಸ ಅಲ್ಲವೇ? ಡ್ರಮ್ ಎಣಿಸಿ ಬೆನ್ನು ತಟ್ಟಿಕೊಳ್ಳುವುದು.

ಬೇಲಿಯೊಳಗೆ
ಹಾಗಲ್ಲ ಮೇಷ್ಟ್ರೇ. ಜಾಗ ಉಳಿಯೋದು ಸಣ್ಣ ವಿಷಯ ಅಲ್ಲ. ಹೂಳೋದು ಕಲ್ಲು ಕಟ್ಟಿದ ಹೊಂಡದಲ್ಲಿ, ಇಲ್ಲಾ ಕಾಂಕ್ರೀಟ್ ಕಂದಕದಲ್ಲಿ. ಜಾಸ್ತಿ ಬಿಸಿ, ಅಂದರೆ ವಿಕಿರಣ ಜಾಸ್ತಿ ಇರೋದು, ಟೈಲ್ ಹೋಲ್‌ಗೆ ಹೋಗುತ್ತದೆ. ಅದು ನೆಲದೊಳಗೆ ನಾಲ್ಕು ಮೀಟರ್ ಆಳದ ಉಕ್ಕು, ಕಾಂಕ್ರೀಟಿನ ಕೊಳವೆ. ಒಂದೊಂದಕ್ಕೂ ದುಡ್ಡು, ಒಂದೊಂದಕ್ಕೂ ಸುತ್ತ ಬೋರ್‌ವೆಲ್ ಕೊರೆದು ನೀರು ತೆಗೆದು ನೋಡುತ್ತಾ ಇರಬೇಕು. ಮೂಟೆ ಸಣ್ಣದಾದರೆ ಕಾಯೋದು ಸುಲಭ. ವಿಕಿರಣ ಕಡಿಮೆ ಆಯ್ತು ಅಂತ ಹೇಳಿದರೆ ಮಾತ್ರ ತಪ್ಪು.

ಐ131
ನಾನು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿದ್ದೇನೆ. ವಿಕಿರಣವನ್ನು ನಿಜವಾಗಿ ಕಡಿಮೆ ಮಾಡೋದು ನಮ್ಮ ಕೈಲಿ ಇರೋದು ಒಂದೇ ದಾರಿ, ಕಾಯೋದು. ಥೈರಾಯ್ಡ್ ಕ್ಯಾನ್ಸರ್‌ಗೆ ಕೊಡೋ ಅಯೋಡಿನ್ 131ರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧ ಆಗೋ ಕಾಲ, 8 ದಿನ. ರೋಗಿಯ ಶೌಚದ ನೀರು ನೇರ ಚರಂಡಿಗೆ ಹೋಗೋದಿಲ್ಲ. ಡಿಲೇ ಟ್ಯಾಂಕ್‌ಗೆ ಹೋಗುತ್ತದೆ. ಒಂದು ತುಂಬಿದ ಮೇಲೆ ಮುಚ್ಚಿ ಬಿಡುತ್ತೇವೆ, ಇನ್ನೊಂದು ತುಂಬಿಸುತ್ತೇವೆ. ಹತ್ತು ಅರ್ಧಾಯುಷ್ಯ, ಅಂದರೆ 80 ದಿನ ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಸ್ಕ್ಯಾನ್‌ಗೆ ಬಳಸೋ ಟೆಕ್ನೀಷಿಯಂಗೆ 6 ಗಂಟೆ ಸಾಕು ಅರ್ಧ ಆಗೋಕೆ. ಇವತ್ತಿನ ಸಿರಿಂಜ್ ಮೂರನೇ ದಿನಕ್ಕೆ ಮಾಮೂಲಿ ಸಿರಿಂಜ್.

ಕಷ್ಟ ಇರೋದು ಎಲ್ಲಿ ಗೊತ್ತಾ? ಡೈಪರ್. ವಯಸ್ಸಾದ ರೋಗಿ ಮನೆಗೆ ಹೋದ ಮೇಲೆ ಡೈಪರ್ ಮಾಮೂಲಿ ಕಸಕ್ಕೆ ಹೋಗುತ್ತದೆ. ಹಾಗಾಗಿ ಡಿಸ್ಚಾರ್ಜ್ ಮಾಡುವಾಗ ಮನೆಯವರನ್ನು ಕೂರಿಸಿಕೊಂಡು ಚೀಲದಲ್ಲಿ ಕಟ್ಟಿ ಎಷ್ಟು ದಿನ ಇಡಬೇಕು ಅಂತ ಹೇಳುತ್ತೇನೆ. ಒಬ್ಬ ಅಜ್ಜಿಯ ಸೊಸೆ ಕ್ಯಾಲೆಂಡರ್‌ನಲ್ಲಿ ತಾರೀಕಿಗೆ ಸುತ್ತು ಹಾಕಿ ಫೋಟೊ ಕಳಿಸಿದ್ದರು. ನೋಡಿ ತುಂಬಾ ಖುಷಿ ಆಯ್ತು.

ಹಳೇಮೇಷ್ಟ್ರು
8 ದಿನ ಸರಿ ಅಮ್ಮ. ಸ್ಥಾವರದ ತ್ಯಾಜ್ಯದಲ್ಲಿರುವ ಸೀಸಿಯಂಗೆ 30 ವರ್ಷ. ಅದೇ ಹತ್ತರ ಲೆಕ್ಕ ಹಾಕಿದರೆ 300 ವರ್ಷ. ನಮ್ಮ ದೇಶದಲ್ಲೂ ಆ ಹೊಂಡಗಳನ್ನು 300 ವರ್ಷ ಕಾಯಬೇಕು ಅಂತಲೇ ಇಟ್ಟುಕೊಂಡಿದ್ದಾರೆ. ಹಿಂದಕ್ಕೆ 300 ವರ್ಷ ಎಣಿಸಿ. ಮಲೆನಾಡಲ್ಲಿ ಕೆಳದಿ ಅರಸರು ಆಳುತ್ತಿದ್ದ ಕಾಲ. ಅವರ ಕಡತ ಎಷ್ಟು ನಮ್ಮ ಕೈಯಲ್ಲಿದೆ? ನಮ್ಮ ಕಡತ ಯಾರ ಕೈಯಲ್ಲಿರುತ್ತದೆ? ಅಳತೆ ಎಷ್ಟೇ ಚೆನ್ನಾಗಿರಲಿ, ಬರೆದಿಟ್ಟದ್ದು ಓದುವವರು ಬೇಕಲ್ಲ.

ಚಾಂಪಿಯನ್‌ರೀಫ್
ಮೇಷ್ಟ್ರು ಹೇಳಿದ್ದಕ್ಕೆ ನನ್ನ ಓಟು. ನಾನು ಕೆಜಿಎಫ್‌ನವನು. 2012ರ ನವೆಂಬರ್ ನೆನಪಿದೆಯಾ? ಕೂಡಂಕುಳಂ ಅಣು ಸ್ಥಾವರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ ನಮ್ಮ ಗಣಿಯ ಹೆಸರು ಬಂತು, ತ್ಯಾಜ್ಯ ಅಲ್ಲಿ ಇಡಬಹುದು ಅಂತ. ಊರಿಗೆ ಊರೇ ಬೀದಿಗೆ ಇಳಿಯಿತು. ನಾನೂ ಇದ್ದೆ. ಆಮೇಲೆ ಹಾಗೇನಿಲ್ಲ ಅಂತ ಸರ್ಕಾರ ಹೇಳಿತು.

ಗಣಿ 2001ರಲ್ಲಿ ಮುಚ್ಚಿತು. ಕೆಲಸ ಹೋಯಿತು, ಉಳಿದದ್ದು ಸೈನೈಡ್ ಗುಡ್ಡ. ಅದಿರು ಅರೆದು ಚಿನ್ನ ತೆಗೆದ ಪುಡಿ, 3 ಕೋಟಿ ಟನ್‌ಗೂ ಜಾಸ್ತಿ. ಬೇಸಿಗೆಯಲ್ಲಿ ಗಾಳಿ ಬಂದರೆ ಒಣಹಾಕಿದ ಬಟ್ಟೆ ಮೇಲೆ ಬಿಳಿ ಧೂಳು. ಅಮ್ಮ ಕೊಡಪಾನದ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದಳು. ಒಂದು ಕಸವನ್ನೇ ನೋಡಿಕೊಳ್ಳದವರು ಇನ್ನೊಂದು ತರುತ್ತಾರೆ ಅಂದರೆ ನಂಬಿಕೆ ಎಲ್ಲಿಂದ ಬರಬೇಕು?

ದಾವಣಗೆರೆ ಟೀಚರ್
ನಿಮ್ಮ ಮಾತು ಅರ್ಥ ಆಗುತ್ತೆ. ಕೆಜಿಎಫ್‌ನಲ್ಲಿ 80ರ ದಶಕದಲ್ಲೇ ಏನೋ ಪ್ರಯೋಗ ಆಗಿತ್ತು ಅಲ್ವಾ?

ಚಾಂಪಿಯನ್‌ರೀಫ್
ಆಗಿತ್ತು ಮೇಡಂ. ಸುಮಾರು ಸಾವಿರ ಮೀಟರ್ ಆಳದಲ್ಲಿ ವಿದ್ಯುತ್ ಹೀಟರ್ ಇಟ್ಟು ಬಂಡೆ ಬಿಸಿಗೆ ಏನಾಗುತ್ತದೆ ಅಂತ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ನವರು ವರ್ಷಗಟ್ಟಲೆ ಅಳೆದರು. ತ್ಯಾಜ್ಯ ಇಟ್ಟಿರಲಿಲ್ಲ, ಬರೀ ಹೀಟರ್. ಇದನ್ನು ನಾನು ನಮ್ಮೂರಲ್ಲೂ ಹೇಳುತ್ತೇನೆ, ಇಲ್ಲದ್ದು ಹಬ್ಬಿಸಬಾರದು. ಅದೇ ಗಣಿಯಲ್ಲಿ 1965ರಲ್ಲಿ ನ್ಯೂಟ್ರಿನೊ ಅನ್ನೋ ಸೂಕ್ಷ್ಮ ಕಣ ಹಿಡಿದರು. ಆ ಹೆಮ್ಮೆ ನಮಗೆ ಇದೆ.

ಒಂದ್ಮಾತು
ನ್ಯೂಟ್ರಿನೊಗೆ ಬೇರೆ ಚರ್ಚೆ ಶುರು ಮಾಡಿ ಅಣ್ಣ, ನಾನು ಬರುತ್ತೇನೆ.

ಶಕ್ತಿ ಬೇಕು
ಎಲ್ಲರೂ ಹೆದರಿಸುತ್ತಾ ಇದ್ದೀರಿ. ಭಾರತ ಬಳಸಿದ ಇಂಧನವನ್ನು ಎಸೆಯೋದೇ ಇಲ್ಲ. ಮರುಸಂಸ್ಕರಣೆ ಮಾಡುತ್ತದೆ, ಅಂದರೆ ಅದರಿಂದ ಯುರೇನಿಯಂ, ಪ್ಲುಟೋನಿಯಂ ಬೇರೆ ತೆಗೆಯುತ್ತದೆ. ಟ್ರಾಂಬೆಯಲ್ಲಿ 1964ರಲ್ಲೇ ಶುರು ಆಯ್ತು, ತಾರಾಪುರ, ಕಲ್ಪಾಕ್ಕಂನಲ್ಲೂ ಇದೆ. ನೂರಕ್ಕೆ 98 ಪಾಲು ತ್ಯಾಜ್ಯ ಹೋಗೇ ಬಿಡುತ್ತದೆ. ಇದು ನಿಜವಾದ ಕಡಿತ.

ದಾವಣಗೆರೆ ಟೀಚರ್
ಇಲ್ಲಿ ಒಂದು ತಿದ್ದುಪಡಿ. ನೂರಕ್ಕೆ 98 ಪಾಲಿಗೂ ಜಾಸ್ತಿ ಯುರೇನಿಯಂ, ಅದು ಸರಿ. ಆದರೆ ಅದು ತೂಕದ ಲೆಕ್ಕ. ಇಂಧನ ಹೊರಗೆ ಬಂದಾಗ ಅದರ ಸುಡು ವಿಕಿರಣದ ಬಹುಪಾಲು ಇರೋದು ಉಳಿದ ಒಂದು ಪಾಲಿನ ಒಡೆದ ಚೂರುಗಳಲ್ಲಿ, ಸೀಸಿಯಂ, ಸ್ಟ್ರಾನ್ಷಿಯಂ ಥರದ್ದರಲ್ಲಿ. ಯುರೇನಿಯಂ ಬೇರೆ ಮಾಡಿದರೆ ತೂಕ ಇಳಿಯುತ್ತದೆ, ಬೆಕರೆಲ್ ಹಾಗೇ ಇರುತ್ತದೆ. ಮತ್ತೆ ಅದೇ ಮೂಟೆಯ ಕಥೆ.

ಹಾಗಂತ ಅದು ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಪ್ಲುಟೋನಿಯಂ ತೆಗೆದು ಇಂಧನವಾಗಿ ಉರಿಸಿದರೆ ಸಾವಿರಾರು ವರ್ಷ ಉಳಿಯೋ ಭಾರ ಇಳಿಯುತ್ತದೆ. ದೂರದ ಕಾಲದ ಬೆಕರೆಲ್ ಲೆಕ್ಕದಲ್ಲಿ ಅದು ನಿಜವಾದ ಕಡಿತವೇ. ಆದರೆ ತೆಗೆದ ಮಾತ್ರಕ್ಕೆ ಅಲ್ಲ, ಉರಿಸಿದ ಮೇಲೆ.

ಶಕ್ತಿ ಬೇಕು
ಒಪ್ಪಿದೆ ಮೇಡಂ, ತೂಕ ಅಂತ ಹೇಳಬೇಕಿತ್ತು. ಇನ್ನೊಂದು ಸೇರಿಸುತ್ತೇನೆ. ಬಾರ್ಕ್‌ನವರು ಅದೇ ತ್ಯಾಜ್ಯದಿಂದ ಸೀಸಿಯಂ ಬೇರೆ ಮಾಡಿ ಗಾಜಿನ ಪೆನ್ಸಿಲ್ ಮಾಡುತ್ತಾರೆ. ರಕ್ತನಿಧಿಯಲ್ಲಿ ರಕ್ತಕ್ಕೆ ವಿಕಿರಣ ಕೊಡೋಕೆ ಬಳಕೆ ಆಗುತ್ತದೆ. ಉಳಿದದ್ದನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಕರಗಿಸಿ ಉಕ್ಕಿನ ಡಬ್ಬಿಗೆ ಸುರಿದು ತಾರಾಪುರದಲ್ಲಿ ಗಾಳಿ ಆಡೋ ನೆಲಮಾಳಿಗೆಯಲ್ಲಿ ಇಡುತ್ತಾರೆ. ಗಾಜು ನೀರಲ್ಲಿ ಸುಲಭಕ್ಕೆ ಕರಗಲ್ಲ, ಅದೇ ಅದರ ಗುಣ.

ಐ131
ಆ ಪೆನ್ಸಿಲ್ ವಿಷಯ ನಿಜ. ತ್ಯಾಜ್ಯ ಅನ್ನೋ ಪದವೇ ಕೆಲವು ಸಲ ಅವಸರದ ಪದ.

ಹ್ಯೂರಾನ್ ತೀರ
ಕೆನಡಾದಿಂದ. ಆಂಟಾರಿಯೊದ ಬ್ರೂಸ್ ಸ್ಥಾವರ ಇರೋ ಕಡೆ ಮನೆ. ಮೂಲ ತೀರ್ಥಹಳ್ಳಿ. ನಮ್ಮ ಕೈಗಾದ ರಿಯಾಕ್ಟರ್‌ಗಳು, ಇಲ್ಲಿನವು ಒಂದೇ ಕುಲ. ಭಾರಜಲ (ಭಾರದ ಜಲಜನಕ ಇರೋ ನೀರು), ಮಾಮೂಲಿ ಯುರೇನಿಯಂ. ಹಾಗಾಗಿ ಒಂದು ಮಾತು ಹೇಳಲೇಬೇಕು. ಈ ಕುಲದಲ್ಲಿ ಬಳಸಿದ ಇಂಧನದ ರಾಶಿ ಜಾಸ್ತಿ. ಹಗುರ ನೀರಿನ, ಅಂದರೆ ಮಾಮೂಲಿ ನೀರು ಬಳಸೋ ರಿಯಾಕ್ಟರ್‌ನಲ್ಲಿ ಒಂದು ಟನ್ ಇಂಧನದಿಂದ ಬರೋ ಶಕ್ತಿಗೆ ನಮ್ಮಲ್ಲಿ ಐದಾರು ಟನ್ ಬೇಕು. ಟನ್ ಲೆಕ್ಕದಲ್ಲಿ ಹೋಲಿಸಿದರೆ ನಾವು ಕೆಟ್ಟವರ ಥರ ಕಾಣುತ್ತೇವೆ. ಆದರೆ ಒಂದು ಯೂನಿಟ್ ಕರೆಂಟ್‌ಗೆ ಒಡೆಯೋ ಪರಮಾಣು ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಹುಟ್ಟೋ ಸೀಸಿಯಂ ಕೂಡ ಅಷ್ಟೇ. ತೂಕ ಹೀಗೂ ದಾರಿ ತಪ್ಪಿಸುತ್ತದೆ, ಹಾಗೂ ತಪ್ಪಿಸುತ್ತದೆ.

ಕೆನಡಾ ಮರುಸಂಸ್ಕರಣೆ ಮಾಡಲ್ಲ. ಇಲ್ಲಿ ಬಳಸಿದ ಬಂಡಲ್‌ಗಳನ್ನು ಒಂದೊಂದಾಗಿ ಎಣಿಸಿ ಪ್ರಕಟಿಸುತ್ತಾರೆ, 30 ಲಕ್ಷಕ್ಕೂ ಜಾಸ್ತಿ ಇವೆ. ಆಳದ ಬಂಡೆಯಲ್ಲಿ ಇಡೋಕೆ 2024ರ ನವೆಂಬರ್‌ನಲ್ಲಿ ವಾಬಿಗೂನ್ ಲೇಕ್, ಇಗ್ನೇಸ್ ಕಡೆ ಜಾಗ ಆರಿಸಿದರು. ಅಲ್ಲಿನ ಮೂಲನಿವಾಸಿಗಳನ್ನೂ ಊರಿನವರನ್ನೂ ವರ್ಷಗಟ್ಟಲೆ ಕೇಳಿ, ಅವರು ಹೂಂ ಅಂದ ಮೇಲೆ. ಕೆಜಿಎಫ್ ಅಣ್ಣ ಹೇಳಿದ್ದು ಓದುವಾಗ ಇದೇ ನೆನಪಾಯ್ತು. ಕೋರ್ಟಿನಲ್ಲಿ ಮೊದಲು ಹೇಳಿ, ಊರಿಗೆ ಪತ್ರಿಕೆಯಲ್ಲಿ ಗೊತ್ತಾದರೆ ಯಾರು ತಾನೇ ಒಪ್ಪುತ್ತಾರೆ?

ಕದ್ರಾ ಕಡೆಯವ
ನಮ್ಮ ಅಡಿಕೆ ತೋಟ ಕಾಳಿ ನದಿ ಹತ್ತಿರ. ನನಗೆ ಡ್ರಮ್ ಬೇಡ ಮಾರಾಯ್ರೆ, ನೀರಿಂದು ಹೇಳಿ. ಹೊಳೆಗೆ ಬಿಡೋದನ್ನು ಹೇಗೆ ಅಳೀತಾರೆ? ಮಗಳು ಕೇಳುತ್ತಾಳೆ, ಮೀನು ತಿನ್ನಬಹುದಾ ಅಂತ.

ಬೇಲಿಯೊಳಗೆ
ಅಣ್ಣ, ಕೇಳಬೇಕಾದ ಪ್ರಶ್ನೆನೇ. ದ್ರವ ತ್ಯಾಜ್ಯದಲ್ಲಿ ಸೀಸಿಯಂ ಥರದ್ದನ್ನು ರಾಳದ (ರೆಸಿನ್) ಮೂಲಕ ಹಾಯಿಸಿ ಹಿಡಿಯಬಹುದು. ಟ್ರಿಟಿಯಂ, ಅಂದರೆ ವಿಕಿರಣ ಬಿಡೋ ಜಲಜನಕ, ಹಿಡಿಯೋದು ಕಷ್ಟ, ಯಾಕಂದರೆ ಅದು ನೀರೇ ಆಗಿರುತ್ತದೆ. ಭಾರಜಲದ ರಿಯಾಕ್ಟರ್‌ನಲ್ಲಿ ಟ್ರಿಟಿಯಂ ಜಾಸ್ತಿ ಹುಟ್ಟುತ್ತದೆ. ಹಾಗಾಗಿ ಭಾರಜಲ ಸೋರದಂತೆ ನೋಡಿಕೊಳ್ಳೋದೇ ಮುಖ್ಯ ಕಡಿತ. ಸೋರಿದ ಆವಿಯನ್ನೂ ಡ್ರೈಯರ್‌ನಲ್ಲಿ ಹಿಡಿದು ವಾಪಸ್ ಪಡೆಯುತ್ತಾರೆ. ಉಳಿದದ್ದನ್ನು ಟ್ಯಾಂಕ್‌ನಲ್ಲಿ ಇಟ್ಟು, ಸ್ಯಾಂಪಲ್ ತೆಗೆದು ನೋಡಿ, ಜಾಸ್ತಿ ನೀರಲ್ಲಿ ಬೆರೆಸಿ ಬಿಡುತ್ತಾರೆ. ಇಲ್ಲಿ ಇನ್ನೊಂದು ಎಚ್ಚರ ಬೇಕು. ನೀರು ಬೆರೆಸಿದರೆ ಲೀಟರಿಗೆ ಎಷ್ಟು ಅನ್ನೋದು ಇಳಿಯುತ್ತದೆ, ಒಟ್ಟು ಎಷ್ಟು ಹೋಯ್ತು ಅನ್ನೋದು ಇಳಿಯಲ್ಲ. ಹಾಗಾಗಿ ಎರಡಕ್ಕೂ ಮಿತಿ ಇದೆ.

ದಾವಣಗೆರೆ ಟೀಚರ್
ಕದ್ರಾ ಕಡೆಯವರೇ, ಸ್ಥಾವರದ ಆವರಣಕ್ಕೆ ಹೊಂದಿಕೊಂಡಂತೆ ಪರಿಸರ ಸಮೀಕ್ಷೆ ಪ್ರಯೋಗಾಲಯ ಇರುತ್ತದೆ. ರಿಯಾಕ್ಟರ್ ಶುರು ಆಗೋಕೆ ವರ್ಷಗಳ ಮೊದಲೇ ಅದು ಶುರು ಆಗಬೇಕು, ಇಲ್ಲವಾದರೆ ಮೊದಲು ಏನಿತ್ತು ಅಂತ ಗೊತ್ತಾಗಲ್ಲ. ನೀರು, ಮೀನು, ಹಾಲು, ಅಕ್ಕಿ, ಮಣ್ಣು ತೆಗೆದು ಅಳೆಯುತ್ತಾರೆ. ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ತಾಗೋ ವಿಕಿರಣದ, ಅಂದರೆ ಡೋಸ್‌ನ ಅಳತೆ) ಮಿತಿ. ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ವಾರ್ಷಿಕ ವರದಿಯಲ್ಲಿ ಪ್ರತಿ ಸ್ಥಾವರದ ಸುತ್ತಲಿನ ಅಂಕಿ ಇರುತ್ತದೆ. ಕೈಗಾದ್ದು ಇತ್ತೀಚಿನ ವರ್ಷಗಳಲ್ಲಿ ಮಿತಿಯ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಿಸರ್ಗದಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ನನ್ನ ಮಟ್ಟಿಗೆ, ಆ ಅಂಕಿ ನೋಡಿ ಮೀನು ತಿನ್ನೋಕೆ ನಾನು ಹಿಂಜರಿಯಲ್ಲ.

ಹಳೇಮೇಷ್ಟ್ರು
ಅಳೆಯುವವರು ಅವರೇ, ವರದಿ ಬರೆಯುವವರೂ ಅವರೇ. ಅದಕ್ಕೇ ನನ್ನ ತಕರಾರು. ಸುಳ್ಳು ಅಂತ ಹೇಳುತ್ತಿಲ್ಲ. ಪಕ್ಕದ ವಿಶ್ವವಿದ್ಯಾಲಯದವರೂ ಅದೇ ಹಾಲು, ಅದೇ ಮೀನು ಅಳೆದು ತೋರಿಸಲಿ. ಅಂಕಿ ಹೊಂದಿದರೆ ನಾನೇ ಎಲ್ಲರಿಗೂ ಹೇಳುತ್ತೇನೆ.

ಕದ್ರಾ ಕಡೆಯವ
ಮೇಷ್ಟ್ರ ಮಾತು ಸರಿ. ನನ್ನ ತೋಟದ ಬಾವಿ ನೀರು ಕೊಡೋಕೆ ನಾನು ತಯಾರು.

ಒಂದ್ಮಾತು
2009ರಲ್ಲಿ ಕೈಗಾದಲ್ಲಿ ಕುಡಿಯೋ ನೀರಿಗೆ ಟ್ರಿಟಿಯಂ ಬೆರೆಸಿದ್ದರಲ್ಲ, ಅದನ್ನು ಯಾರೂ ಹೇಳಲೇ ಇಲ್ಲ.

ಬೇಲಿಯೊಳಗೆ
ಅದು ಕೂಲರ್‌ಗೆ ಯಾರೋ ಬೇಕಂತಲೇ ಭಾರಜಲ ಸುರಿದದ್ದು. 50ಕ್ಕೂ ಹೆಚ್ಚು ನೌಕರರ ಮೈಗೆ ಹೋಗಿತ್ತು. ತಪ್ಪು ಮಾಡಿದವರ ವಿಷಯ ಬಿಡಿ, ಗೊತ್ತಾಗಿದ್ದು ಹೇಗೆ ನೋಡಿ. ಒಳಗೆ ಕೆಲಸ ಮಾಡೋರ ಮೂತ್ರ ಆಗಾಗ ಪರೀಕ್ಷೆ ಆಗುತ್ತದೆ, ಅದರಲ್ಲೇ ಸಿಕ್ಕಿತು. ಟ್ರಿಟಿಯಂ ಬಿಡೋ ಬೀಟಾ ಕಣ ಚರ್ಮದ ಮೇಲಿನ ಸತ್ತ ಪದರವನ್ನೂ ದಾಟಲ್ಲ. ಎದೆ ಮೇಲಿನ ಡೋಸ್ ಅಳೆಯೋ ಟಿಎಲ್‌ಡಿ ಬ್ಯಾಡ್ಜ್‌ಗೆ, ಕೈ ಮೀಟರ್‌ಗೆ ಅದು ಕಾಣಿಸೋದೇ ಇಲ್ಲ. ಮೂತ್ರ ತೆಗೆದು ಬೀಟಾ ಎಣಿಸೋ ಸಿಂಟಿಲೇಷನ್ ಕೌಂಟರ್‌ಗೆ ಹಾಕಿದರೆ ಮಾತ್ರ ಗೊತ್ತಾಗೋದು. ನೀರು ಜಾಸ್ತಿ ಕುಡಿಸುತ್ತಾರೆ, ಸುಮಾರು ಹತ್ತು ದಿನಕ್ಕೆ ಅರ್ಧ ಹೊರಗೆ ಹೋಗುತ್ತದೆ.

ದಾವಣಗೆರೆ ಟೀಚರ್
ಇದು ದೊಡ್ಡ ವಿಷಯ. ಹಾಗಾದರೆ ಮುಚ್ಚಿದ ಡ್ರಮ್ ಒಳಗೆ ಏನಿದೆ ಅಂತ ಹೇಗೆ ಗೊತ್ತಾಗುತ್ತೆ? ಬೀಟಾ ಹೊರಗೆ ಬರಲ್ಲವಲ್ಲ?

ಬೇಲಿಯೊಳಗೆ
ಬರಲ್ಲ. ಡ್ರಮ್ಮನ್ನು ತಿರುಗೋ ಮೇಜಿನ ಮೇಲೆ ಇಟ್ಟು, ದ್ರವ ಸಾರಜನಕದಲ್ಲಿ ತಣಿಸಿದ ಜರ್ಮೇನಿಯಂ ಡಿಟೆಕ್ಟರ್ ಎದುರಿಗೆ ಪದರ ಪದರವಾಗಿ ನೋಡುತ್ತಾರೆ. ಹೊರಗೆ ಬರೋ ಗಾಮಾ ಕಿರಣದ ಶಕ್ತಿ ನೋಡಿ ಒಳಗಿರೋದು ಏನು ಅಂತ ಗುರುತಿಸುತ್ತಾರೆ. 662 ಕೆಇವಿಯಲ್ಲಿ ಗೆರೆ ಎದ್ದರೆ ಸೀಸಿಯಂ 137. 1173, 1332ರಲ್ಲಿ ಜೋಡಿ ಗೆರೆ ಎದ್ದರೆ ಕೋಬಾಲ್ಟ್ 60. ನಿಕ್ಕಲ್ 63, ಸ್ಟ್ರಾನ್ಷಿಯಂ 90 ಇವು ಬೀಟಾ ಮಾತ್ರ ಬಿಡೋದರಿಂದ ಕಾಣಲ್ಲ. ಅದಕ್ಕೆ ಮೊದಲೇ ಸ್ಯಾಂಪಲ್ ಕರಗಿಸಿ ಲ್ಯಾಬ್‌ನಲ್ಲಿ ನೋಡಿ, ಇಷ್ಟು ಕೋಬಾಲ್ಟ್ ಇದ್ದರೆ ಇಷ್ಟು ನಿಕ್ಕಲ್ ಅಂತ ಅನುಪಾತ ಕಟ್ಟಿಟ್ಟಿರುತ್ತಾರೆ. ಅಂದಾಜೇ, ಆದರೆ ಬುಡ ಇರೋ ಅಂದಾಜು. ಸ್ಥಾವರದ ಕೆಲಸದ ರೀತಿ ಬದಲಾದರೆ ಅನುಪಾತವೂ ಬದಲಾಗುತ್ತದೆ, ಆಗ ಮತ್ತೆ ಸ್ಯಾಂಪಲ್ ತೆಗೆಯಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಕಾಗದದ ಮೇಲಿನ ಲೆಕ್ಕ, ಡ್ರಮ್ ಒಳಗಿನ ಲೆಕ್ಕ ಬೇರೆಬೇರೆ ಆಗುತ್ತದೆ.

ಶಹಾಪುರ
ಗೋಗಿ ಯುರೇನಿಯಂ ಗಣಿ ಮಾತು ಬಂದಾಗಿಂದ ನಾನು ಇದೆಲ್ಲ ಓದುತ್ತಿದ್ದೇನೆ. ನೀವೆಲ್ಲ ಸ್ಥಾವರದ ಡ್ರಮ್ ಎಣಿಸುತ್ತಿದ್ದೀರಿ. ಗಣಿಯ ಬಳಿ ಉಳಿಯೋ ಅರೆದ ಮಣ್ಣನ್ನು ಯಾರೂ ಎಣಿಸುವುದಿಲ್ಲ. ಜಾರ್ಖಂಡ್‌ನ ಜಾದುಗುಡ ಯುರೇನಿಯಂ ಗಣಿಯಂಥ ಕಡೆ ಸಾವಿರ ಕೆಜಿ ಅದಿರಿಗೆ ಯುರೇನಿಯಂ ಅರ್ಧ ಕೆಜಿ ಆಸುಪಾಸು. ಉಳಿದದ್ದರಲ್ಲಿ ನಯವಾದ ಪಾಲು ಕೆಸರಾಗಿ ಕೊಳಕ್ಕೆ. ಅದಿರಿನ ವಿಕಿರಣದ ಮುಕ್ಕಾಲು ಪಾಲಿಗೂ ಹೆಚ್ಚು ಆ ಉಳಿದ ಮಣ್ಣಿನಲ್ಲೇ ಇರುತ್ತದೆ, ಅದರಲ್ಲಿ ರೇಡಿಯಂ ಇದೆ, ಅದು ಅರ್ಧ ಆಗೋಕೆ 1600 ವರ್ಷ. ಸ್ಥಾವರದವರ ಕಂಬದಲ್ಲಿ ಇದು ಸೇರಿತ್ತಾ ಅಂತ ಕೇಳಿ ಮೇಡಂ.

ಚಾಂಪಿಯನ್‌ರೀಫ್
ಕೆಸರು ಒಣಗಿದ ಮೇಲೆ ಹೇಗಿರುತ್ತದೆ ಅಂತ ನೋಡಬೇಕಾದರೆ ನಮ್ಮೂರಿಗೆ ಬನ್ನಿ ಅಣ್ಣ. ನಮ್ಮಲ್ಲಿ ಯುರೇನಿಯಂ ಅಲ್ಲ, ಆದರೂ ಗಾಳಿ ಅದೇ.

ಹ್ಯೂರಾನ್ ತೀರ
ನಿಜವಾದ ಕಡಿತ ಅಂದರೆ ಹುಟ್ಟದಂತೆ ನೋಡಿಕೊಳ್ಳೋದು, ಅಲ್ವಾ? ಅದರ ಬಗ್ಗೆ ಬೇಲಿಯೊಳಗೆ ಅವರು ಹೇಳಲಿ.

ಬೇಲಿಯೊಳಗೆ
ಹೇಳಬೇಕು ಅಂತಲೇ ಇದ್ದೆ. ಹೊಸ ಪಂಪ್ ಬಂದರೆ ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್ ಎಲ್ಲ ಬೇಲಿ ಹೊರಗೇ ಬಿಚ್ಚಬೇಕು. ಒಳಗೆ ತಂದರೆ ಆ ರಟ್ಟು ಕೂಡ ಆಕ್ಟಿವ್ ವೇಸ್ಟ್ ಪಟ್ಟಿಗೆ ಸೇರುತ್ತದೆ, ಏನೂ ಅಂಟಿರದಿದ್ದರೂ. ನಾವು ಬಿಚ್ಚೋಕೆ ಒಂದು ಮೇಜು ಹಾಕಿದೆವು, ಅಷ್ಟೇ. ಚೀಲಗಳು ಕಣ್ಣಿಗೆ ಕಾಣೋ ಹಾಗೆ ಕಡಿಮೆ ಆದವು.

ಇನ್ನೊಂದು ಶಟ್‌ಡೌನ್ ರಾತ್ರಿ ನಡೆದದ್ದು. ಒಂದು ಚೀಲ ಮೀಟರ್‌ನಲ್ಲಿ ಕಿರುಚುತ್ತಿತ್ತು. ಹಾಗೇ ಕಟ್ಟಿ ಮೇಲಿನ ವರ್ಗಕ್ಕೆ ಕಳಿಸಬಹುದಿತ್ತು. ನನ್ನ ಜೊತೆ ಇದ್ದ ಕಂಟ್ರಾಕ್ಟ್ ಹುಡುಗ, ಹತ್ತನೇ ಕ್ಲಾಸ್ ಓದಿದವನು, ವಿಕಿರಣ ಸುರಕ್ಷತೆ ನೋಡೋ ಹೆಲ್ತ್ ಫಿಸಿಕ್ಸ್‌ನವರನ್ನು ಕರೆಸಿದ. ಅವರ ಎದುರಿಗೆ ಟ್ರೇನಲ್ಲಿ ಸುರಿದು ಉದ್ದನೆಯ ಚಿಮಟದಲ್ಲಿ ಒಂದೊಂದೇ ಸರಿಸಿದ. ಅಂಗೈಯಷ್ಟು ಒಂದು ಒರೆಸಿದ ಬಟ್ಟೆ, ಅದೊಂದೇ ಬಿಸಿ. ಅದನ್ನು ಬೇರೆ ಡಬ್ಬಿಗೆ ಹಾಕಿದ ಮೇಲೆ ಉಳಿದ ಚೀಲ ಒಂದನೇ ವರ್ಗಕ್ಕೂ ಎಷ್ಟೋ ಕೆಳಗೆ. ಅವನ ಡೋಸ್ ಎಷ್ಟಾಯಿತು ಅಂತ ತಕ್ಷಣ ನೋಡಿದೆವು, ಜಾಸ್ತಿ ಇರಲಿಲ್ಲ. ಆದರೆ ಪ್ರತಿ ಚೀಲವನ್ನೂ ಹೀಗೆ ಆರಿಸಿ ಅಂತ ನಾನು ಹೇಳಲಾರೆ. ಡ್ರಮ್ ಕಡಿಮೆ ಮಾಡೋಕೆ ಹೋಗಿ ಮನುಷ್ಯನ ಮೈಗೆ ಡೋಸ್ ಏರಿಸಿದರೆ ಅದು ಕಡಿತ ಅಲ್ಲ. ಕಂಬದ ಪಕ್ಕ ಆ ಹುಡುಗರ ಡೋಸ್ ಅಂಕಿಯನ್ನೂ ಹಾಕಬೇಕು ಅನ್ನೋದು ನನ್ನ ಆಸೆ.

ಐ131
ಇದನ್ನು ನಮ್ಮ ವಿಭಾಗದಲ್ಲಿ ಓದಿ ಹೇಳುತ್ತೇನೆ. ನಾವೂ ಬಿಚ್ಚೋ ಮೇಜು ಹಾಕಬಹುದು.

ಹಳೇಮೇಷ್ಟ್ರು
ಬೇಲಿಯೊಳಗೆ ಅವರೇ, ನಿಮ್ಮಂಥವರು ಕಾರ್ಯಕ್ರಮಕ್ಕೆ ಬರಬೇಕಿತ್ತು. ಟೀ ಬಂದರೂ ಹುಡುಗಿ ಕೂತು ಕೇಳುತ್ತಿದ್ದಳು.

ದಾವಣಗೆರೆ ಟೀಚರ್
ಅವಳಿಗೆ ಈ ಚರ್ಚೆ ಕಳಿಸಿದೆ. ಕಾರ್ಯಕ್ರಮಕ್ಕೆ ಬಂದಿದ್ದವರಿಗೆ ಪತ್ರ ಬರೆಯುತ್ತಾಳಂತೆ. ನಾಲ್ಕು ಪ್ರಶ್ನೆ ಬರೆದು ತೋರಿಸಿದಳು. ಘನ ಮೀಟರ್ ಎಷ್ಟು ಇಳೀತು, ಬೆಕರೆಲ್ ಎಷ್ಟು ಇಳೀತು, ಕೆಲಸದವರ ಡೋಸ್ ಏರಿತಾ ಇಳೀತಾ, ಗಣಿಯ ಕೆಸರು ಲೆಕ್ಕದಲ್ಲಿ ಇದೆಯಾ. ಬೇರೆ ಏನಾದರೂ ಸೇರಿಸಬೇಕಾ?

ಬೇಲಿಯೊಳಗೆ
ಬೆಕರೆಲ್ ಯಾವ ತಾರೀಕಿನದ್ದು ಅಂತ ಕೇಳಲಿ. ಕೋಬಾಲ್ಟ್ 60ಕ್ಕೆ ಐದೂಕಾಲು ವರ್ಷ ಸಾಕು ಅರ್ಧ ಆಗೋಕೆ. ಹಳೇ ಡ್ರಮ್ ಸುಮ್ನೆ ಕೂತಿದ್ದರೂ ಅಂಕಿ ಇಳಿದಿರುತ್ತದೆ. ನಮ್ಮ ಪ್ರತಿ ಡ್ರಮ್ಮಿನ ಚೀಟಿಯಲ್ಲಿ ಅಳತೆಯ ಪಕ್ಕ ತಾರೀಕು ಇರುತ್ತಿತ್ತು. ಪರದೆ ಮೇಲಿನ ಕಂಬಕ್ಕೂ ಇರಬೇಕಲ್ಲ.

ದಾವಣಗೆರೆ ಟೀಚರ್
ಐದನೇ ಪ್ರಶ್ನೆ ಸೇರಿತು. ಪತ್ರ ನಾಳೆ ಅಂಚೆಗೆ ಹಾಕುತ್ತಾಳೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.